ಎತ್ತಿಲ್ಲದ ಮನೆಗೊಂದು ಮಣ್ಣಿನ ಎತ್ತು

1956ರ ನವೆಂಬರ್ 1 ಎಂದೊಡನೆ ಕಾಸರಗೋಡಿನ ಕನ್ನಡಿಗರ ಮನಸ್ಸಿಗೆ ಬರುವುದು ಒಂದೇ ಸಂಗತಿ. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮ ತಾಲೂಕು ಅಂದು ಕೇರಳದ್ದಾಯಿತು. ಈ ಕತೆಯನ್ನು ನಾವು ಎಷ್ಟೋ ಸಲ ಬರೆದಿದ್ದೇವೆ, ಓದಿದ್ದೇವೆ. ಆದರೆ ಅದೇ ದಿನ ನಮ್ಮಿಂದ ಬಹುದೂರ, ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿನಲ್ಲಿ ಇನ್ನೊಂದು ಗೆರೆಯನ್ನು ಎಳೆಯಲಾಯಿತೆಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ನೆನಪಿರುವುದಿಲ್ಲ. ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಹೋದವು. ಗುಲಬರ್ಗಾ ಜಿಲ್ಲೆಯ ಕೊಡಂಗಲ್ ತಾಲೂಕೂ ಅತ್ತಲೇ ಸರಿಯಿತು. ರಾಯಚೂರು ಮಾತ್ರ ಮೈಸೂರು ರಾಜ್ಯಕ್ಕೆ ಬಂತು. ಕೃಷ್ಣೆಯ ಉತ್ತರಕ್ಕಿರುವ ಮಕ್ತಲ್, ನಾರಾಯಣಪೇಟೆಗಳು ಮೊದಲಿನಿಂದಲೂ ಮಹಬೂಬನಗರ ಜಿಲ್ಲೆಯಲ್ಲೇ ಇದ್ದವು. ಅಲ್ಲಿಯ ಕನ್ನಡಿಗರಿಗೆ ಬದಲಾದದ್ದು ಇಷ್ಟೇ: ಸಂತೆಗೂ ನೆಂಟಸ್ತನಕ್ಕೂ ಹೋಗಿಬರುತ್ತಿದ್ದ ಹೊಳೆಯಾಚೆಯ ರಾಯಚೂರು ಬೆಳಗಾಗುವುದರೊಳಗೆ ಪರರಾಜ್ಯವಾಯಿತು.

ಆಮೇಲೆಯೂ ಆ ನಾಡಿನ ಹಣೆಬರಹವನ್ನು ಬರೆಯುವುದು ನಿಲ್ಲಲಿಲ್ಲ. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರ ಅಕ್ಟೋಬರಿನಲ್ಲಿ ಜೋಗುಲಾಂಬಾ ಗದ್ವಾಲ ಜಿಲ್ಲೆಯೂ 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆಯೂ ಹುಟ್ಟಿದವು. ಮಕ್ತಲ್ ಈ ಎರಡನೆಯದರೊಳಗೆ ಬಂತು. ಒಂದೇ ಮನೆಯಲ್ಲಿ ಕುಳಿತು, ಒಂದೇ ಹೊಲವನ್ನು ಉಳುತ್ತ, ಗದ್ವಾಲದ ಒಬ್ಬ ಮುದುಕ ನಿಜಾಮನ ಸಂಸ್ಥಾನ, ಹೈದರಾಬಾದ್ ರಾಜ್ಯ, ಆಂಧ್ರಪ್ರದೇಶ, ತೆಲಂಗಾಣ ಎಂದು ನಾಲ್ಕು ಸರಕಾರಗಳನ್ನು ಕಂಡಿರಬಹುದು. ಗದ್ವಾಲಕ್ಕೆ ತನ್ನದೇ ಸಂಸ್ಥಾನಿಕರೂ ಇದ್ದರೆಂಬುದನ್ನು ಸೇರಿಸಿದರೆ ಲೆಕ್ಕ ಇನ್ನೂ ಉದ್ದವಾಗುತ್ತದೆ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಸರಕಾರಗಳು ಬದಲಾದರೂ ಬದಲಾಗದೆ ಉಳಿದ ಒಂದು ಸಣ್ಣ ಮನೆಗೆಲಸದ ಬಗ್ಗೆ ಇಲ್ಲಿ ಹೇಳಬೇಕಾಗಿದೆ. ಅದು ಮಣ್ಣೆತ್ತು.

ಜ್ಯೇಷ್ಠ ಮಾಸದ ಹುಣ್ಣಿಮೆಗೆ ಕಾರಹುಣ್ಣಿಮೆ ಎಂದು ಹೆಸರು. ತೆಲುಗರು ಅದನ್ನೇ ಏರುವಾಕ ಪುನ್ನಮಿ ಎನ್ನುತ್ತಾರೆ. ಅಂದು ಜೀವಂತ ಎತ್ತುಗಳಿಗೆ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲ ಹೊದಿಸಿ ಮೆರೆಸುತ್ತಾರೆ. ಸಂಜೆ ಊರ ಅಗಸೆಯಲ್ಲಿ ಕರಿ ಹರಿಯುವ ಓಟ; ಮುಂದೆ ಬಂದದ್ದು ಬಿಳಿ ಎತ್ತಾದರೆ ಬಿಳಿಜೋಳ ಚೆನ್ನಾಗಿ ಬರುತ್ತದೆಂದು ನಂಬಿಕೆ. ಹದಿನೈದು ದಿನ ಕಳೆದು ಬರುವ ಅಮಾವಾಸ್ಯೆಯೇ ಮಣ್ಣೆತ್ತಿನ ಅಮಾವಾಸ್ಯೆ. ಹೊಲದಿಂದಲೋ ಕೆರೆಯಿಂದಲೋ ಎರೆಮಣ್ಣು ತಂದು, ಹದವಾಗಿ ಕಲಸಿ, ಒಂದು ಜೋಡಿ ಎತ್ತು ಮಾಡುತ್ತಾರೆ. ಅವುಗಳ ಮುಂದೆ ಒಂದು ಗೋದಲಿ. ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ಕಟ್ಟೆ. ಕಣ್ಣಿಗೆ ಜೋಳದ ಕಾಳೋ ಗುಲಗಂಜಿಯೋ ಸಾಕು. ಮೈಮೇಲೆ ಸುಣ್ಣದ ಬೊಟ್ಟು, ಕೊರಳಿಗೆ ದಾರ. ಹೋಳಿಗೆಯ ಎಡೆ ಹಿಡಿದು ಕೈಮುಗಿದರೆ ಪೂಜೆ ಮುಗಿಯಿತು. ಪುರೋಹಿತರು ಬರಬೇಕಾಗಿಲ್ಲ. ಮಂತ್ರವೂ ಬೇಕಾಗಿಲ್ಲ.

ಉತ್ತರ ಕರ್ನಾಟಕದವರು ವರ್ಷಕ್ಕೆ ಐದು ಸಲ ಮಣ್ಣಿನ ಪೂಜೆ ಎಂದು ಲೆಕ್ಕ ಹೇಳುವುದುಂಟು. ಮೊದಲು ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಜೋಕುಮಾರ. ಮಳೆಗಾಲದ ಆರಂಭದಿಂದ ಪೈರು ಮೊಳಕಾಲೆತ್ತರ ಬರುವ ತನಕ ಮನುಷ್ಯನ ಕೈ ಮಣ್ಣಿನಿಂದ ದೂರವಾಗದ ಹಾಗೆ ಹೆಣೆದ ಪಟ್ಟಿ ಇದು. ಇವುಗಳಲ್ಲಿ ಗಣಪ ಮಾತ್ರ ಮನೆಯಿಂದ ಬೀದಿಗೆ ಬಂದ. 1893ರ ಸುಮಾರಿಗೆ ಲೋಕಮಾನ್ಯ ತಿಲಕರು ಪುಣೆಯಲ್ಲಿ ಅವನನ್ನು ಸಾರ್ವಜನಿಕನನ್ನಾಗಿ ಮಾಡಿದ ಮೇಲೆ ಅವನಿಗೆ ಮಂಟಪ ಬಂತು, ಸಮಿತಿ ಬಂತು, ಚಂದಾ ಪುಸ್ತಕ ಬಂತು. ಮಣ್ಣೆತ್ತು ಮನೆಯಲ್ಲೇ ಉಳಿಯಿತು. ಗಡಿನಾಡಿನ ದೃಷ್ಟಿಯಿಂದ ಇದು ಅದರ ಭಾಗ್ಯವೆಂದೇ ನನ್ನ ಅಭಿಪ್ರಾಯ.

ಹಬ್ಬ ಎಂದೊಡನೆ ಶಾಸ್ತ್ರ, ಪುರಾಣ, ರಾಜಾಜ್ಞೆ ಎಂದು ಮೂಲ ಹುಡುಕುವುದು ನಮ್ಮ ವಿದ್ವಾಂಸರ ಅಭ್ಯಾಸ. ಆದರೆ ಎಷ್ಟೋ ಮನೆಹಬ್ಬಗಳ ಮೂಲ ಯಾರೋ ಒಬ್ಬರಿಗೆ ಒಂದು ದಿನ ಹುಕಿ ಬಂದು ಕೈಗೆ ಸಿಕ್ಕ ವಸ್ತುವಿನಿಂದ ಮಾಡಿದ ಆಟಿಕೆಯಲ್ಲೇ ಇರುತ್ತದೆ. ಹೆಸರು, ಕಾಲ ತಿಳಿದಿರುವ ಒಂದೆರಡು ಉದಾಹರಣೆಗಳನ್ನು ನೋಡೋಣ.

ಮಲಯಾಳಕ್ಕೆ ನಿಘಂಟು ಕೊಟ್ಟ ಹೆರ್ಮನ್ ಗುಂಡರ್ಟ್ ಹುಡುಗನಾಗಿದ್ದಾಗ ಓದಿದ್ದು ಜರ್ಮನಿಯ ಮೌಲ್‌ಬ್ರೋನ್ ಎಂಬ ಊರಿನ ಮಠದ ಶಾಲೆಯಲ್ಲಿ. ಮಂಗಳೂರಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಅವರ ಸ್ನೇಹಿತ. ಹೀಗಾಗಿ ಈ ವಾರ್ಷಿಕದ ಎರಡೂ ಭಾಷೆಗಳಿಗೆ ಆ ಕಡೆಯ ನಂಟಿದೆ. ಅದೇ ಮೌಲ್‌ಬ್ರೋನಿನಲ್ಲಿ 1881ರಲ್ಲಿ ಪಾದ್ರಿಯೊಬ್ಬರ ಮನೆಯಲ್ಲಿ ಗೆರ್ಹಾರ್ಡ್ ಲಾಂಗ್ ಎಂಬ ಮಗು ಹುಟ್ಟಿತು. ಡಿಸೆಂಬರ್ ಬಂದರೆ ಸಾಕು, ಕ್ರಿಸ್ಮಸಿಗೆ ಇನ್ನೆಷ್ಟು ದಿನ ಎಂದು ಅಮ್ಮನನ್ನು ಪೀಡಿಸುವುದು. ಬೇಸತ್ತ ತಾಯಿ ಒಂದು ರಟ್ಟಿನ ಮೇಲೆ 24 ಮನೆಗಳನ್ನು ಬರೆದು, ಪ್ರತಿಯೊಂದಕ್ಕೂ ಒಂದು ಸಣ್ಣ ಬಿಸ್ಕತ್ತು ಅಂಟಿಸಿ, ದಿನಕ್ಕೊಂದು ತಿನ್ನು, ಮುಗಿದಾಗ ಹಬ್ಬ ಎಂದರು. ಹುಡುಗ ಬೆಳೆದು ಮ್ಯೂನಿಕ್ಕಿನಲ್ಲಿ ಮುದ್ರಣಾಲಯದ ಪಾಲುದಾರನಾದ. 20ನೇ ಶತಮಾನದ ಮೊದಲ ದಶಕದಲ್ಲಿ ಅಮ್ಮನ ರಟ್ಟನ್ನು ನೆನೆದು ಅಂಥದೇ ಪಟವನ್ನು ಅಚ್ಚು ಹಾಕಿಸಿದ. ಇಂದು ಲೋಕದಲ್ಲೆಲ್ಲ ಮಾರಾಟವಾಗುವ ಆಗಮನ ಕಾಲದ ಕ್ಯಾಲೆಂಡರಿನ ಚರಿತ್ರೆಯಲ್ಲಿ ಈ ಮನೆಯ ಪಾತ್ರ ದೊಡ್ಡದು.

ಇನ್ನೊಂದು ಉದಾಹರಣೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಮಹಾರಾಷ್ಟ್ರದಲ್ಲಿ ಎತ್ತಿನ ಹಬ್ಬಕ್ಕೆ ಪೋಳಾ ಎಂದು ಹೆಸರು. ಅದು ಶ್ರಾವಣದ ಅಮಾವಾಸ್ಯೆಗೆ ಬರುತ್ತದೆ. ನಾಗಪುರದಲ್ಲಿ ಅದರ ಮರುದಿನ ತಾನ್ಹಾ ಪೋಳಾ ಅಂದರೆ ಮಕ್ಕಳ ಪೋಳಾ. ಮಕ್ಕಳು ಮರದ ಎತ್ತುಗಳನ್ನು ಸಿಂಗರಿಸಿ ಎಳೆದುಕೊಂಡು ಮನೆಮನೆಗೆ ಹೋಗುತ್ತಾರೆ. ನಾಗಪುರದ ಎರಡನೆಯ ರಘೂಜಿ ಭೋಸಲೆ 1806ರಲ್ಲಿ ಮಕ್ಕಳಿಗಾಗಿ ಇದನ್ನು ಶುರುಮಾಡಿದರೆಂದು ಅಲ್ಲಿ ಹೇಳುತ್ತಾರೆ. ಒಬ್ಬ ಅರಸನ ಲಹರಿ ಊರಿನ ಮಕ್ಕಳ ಹಕ್ಕಾಯಿತು.

ಮಣ್ಣೆತ್ತಿನ ಹಬ್ಬದಲ್ಲಿ ಇಂಥ ಲಹರಿಗೆ ಸ್ಥಾನವಿರುವುದು ಕುಂಟೆತ್ತಿನಲ್ಲಿ. ಅಮಾವಾಸ್ಯೆಯ ಮರುದಿನ ಹುಡುಗರು ಕಾಲು ಊನವಾದ ಒಂದು ಎತ್ತನ್ನು ಮಣ್ಣಿನಲ್ಲಿ ಮಾಡಿ, ಅದನ್ನು ಹೊತ್ತು, ಗಂಟೆ ಬಾರಿಸುತ್ತ, ಕುಂಟೆತ್ತು ಬಂದಿದೆ, ಜೋಳ ಹಾಕಿರೆಂದು ಮನೆಮನೆಯ ಮುಂದೆ ನಿಲ್ಲುತ್ತಾರೆ. ಪೂಜೆಯ ಜೋಡಿ ಎತ್ತು ದೊಡ್ಡವರದು. ಅದಕ್ಕೆ ಅಳತೆಯಿದೆ, ಲಕ್ಷಣವಿದೆ. ಕುಂಟೆತ್ತು ಹುಡುಗರದು, ಲಕ್ಷಣ ಕೆಟ್ಟಷ್ಟೂ ಅದು ಚೆಂದ. ದುಡಿಯಲಾರದ ಎತ್ತಿಗೂ ಮೇವು ಸಲ್ಲಬೇಕೆಂಬ ನ್ಯಾಯ ಅದರಲ್ಲಿ ಅಡಗಿದೆಯೆಂದು ವ್ಯಾಖ್ಯಾನ ಮಾಡಬಹುದು. ಮಾಡದೆ ಬಿಟ್ಟರೂ ನಷ್ಟವಿಲ್ಲ. ನಮ್ಮ ಕಡೆ ಕರ್ಕಾಟಕದ ಜಡಿಮಳೆಯಲ್ಲಿ ಮಕ್ಕಳು ಆಡಿವೇಡನ ವೇಷ ಹಾಕಿ ಅಂಗಳಕ್ಕೆ ಬರುವುದನ್ನೂ ತುಳುವರ ಆಟಿ ಕಳೆಂಜ ಮನೆಮನೆಗೆ ಬಂದು ಅಕ್ಕಿ ಪಡೆಯುವುದನ್ನೂ ಕಂಡವರಿಗೆ ಈ ದೃಶ್ಯ ಹೊಸತಲ್ಲ. ಮಳೆಗಾಲದ ಹಸಿವು ಬಯಲುಸೀಮೆಯಲ್ಲೂ ಕರಾವಳಿಯಲ್ಲೂ ಮನೆಬಾಗಿಲಿಗೆ ಬಂದ ರೀತಿ ಒಂದೇ.

ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರರ ಪೈಕಿ ಮೊದಲನೆಯದೂ ಕೊನೆಯದೂ ಮಗ್ಗದ ಊರುಗಳು. ನಾರಾಯಣಪೇಟೆಯ ಚೌಕಳಿ ಸೀರೆಯನ್ನೂ, ಹತ್ತಿಯ ಮೈಗೆ ರೇಷ್ಮೆಯ ಅಂಚು ಸೆರಗು ಕೂಡಿಸಿದ ಗದ್ವಾಲ ಸೀರೆಯನ್ನೂ ಮಂಗಳೂರಿನ ಜವಳಿ ಅಂಗಡಿಗಳಲ್ಲಿ ನಮ್ಮ ಹೆಂಗಸರು ಬಲ್ಲರು. ನೇಕಾರನ ಮನೆಯಲ್ಲಿ ಕುಣಿಮಗ್ಗವಿರುತ್ತದೆ, ಎತ್ತು ಎಲ್ಲಿರಬೇಕು? ಹೊಲವಿಲ್ಲದ ಕೂಲಿಯವನಿಗೂ ಎತ್ತಿಲ್ಲ. ಹಳೆಯ ಮಹಬೂಬನಗರ ಜಿಲ್ಲೆಗೆ ಪಾಲಮೂರು ಎಂದು ಇನ್ನೊಂದು ಹೆಸರು. ಪಾಲಮೂರು ಕೂಲಿ ಎಂದರೆ ಅಣೆಕಟ್ಟು, ರಸ್ತೆ, ಕಟ್ಟಡ ಎಲ್ಲಿ ಏಳುತ್ತಿದ್ದರೂ ಅಲ್ಲಿ ಕಲ್ಲು ಹೊತ್ತವರೆಂದು ದೇಶಕ್ಕೇ ಗೊತ್ತು. ಬರ ಬಿದ್ದಾಗ ಹೈದರಾಬಾದಿಗೆ, ಮುಂಬಯಿಗೆ, ಪುಣೆಗೆ ಗುಳೆ ಹೊರಡುವ ಈ ಮಂದಿ ಎತ್ತನ್ನು ಜತೆಗೆ ಒಯ್ಯಲಾರರು. ಮಣ್ಣಿನ ಎತ್ತಿಗಾದರೋ ಹಿಡಿ ಮಣ್ಣು ಸಾಕು. ಕಾರಹುಣ್ಣಿಮೆ ಎತ್ತುಳ್ಳವನ ಹಬ್ಬ; ಮಣ್ಣೆತ್ತಿನ ಅಮಾವಾಸ್ಯೆ ಎತ್ತಿಲ್ಲದವನೂ ಎತ್ತು ಕಟ್ಟುವ ಹಬ್ಬ. ಇದೇ ಅದರ ಬಾಳಿಕೆಯ ಗುಟ್ಟೆಂದು ತೋರುತ್ತದೆ.

ಗದ್ವಾಲದ ಕಡೆ ಎರಡು ನದಿಗಳ ನಡುವಣ ಸೀಮೆಗೆ ನಡಿಗಡ್ಡ ಎಂದು ಹೆಸರು. ನಮ್ಮ ನಡುಗಡ್ಡೆಯೇ ಅದು. ಆ ಜಿಲ್ಲೆಯಲ್ಲಿ ಕಾಲೂರು ತಿಮ್ಮನದೊಡ್ಡಿ ಎಂಬ ಮಂಡಲವಿದೆ. ದೊಡ್ಡಿ, ಅಂದರೆ ದನ ಕೂಡುವ ಆವರಣ, ತೆಲುಗಿನಲ್ಲೂ ಇದೆ. ಆದರೆ ತಿಮ್ಮನ ಎಂಬ ಷಷ್ಠಿ ನಮ್ಮದೆಂದು ಕನ್ನಡದ ಕಿವಿ ಹೇಳುತ್ತದೆ. ಇಂಥ ಕಡೆ ಯಾವುದು ಯಾರದೆಂದು ಜಗಳ ಕಾಯುವುದಕ್ಕಿಂತ ಮಾತು ಹೇಗೆ ಹೊಳೆ ದಾಟುತ್ತದೆಂದು ನೋಡುವುದು ಲೇಸು. ಗಡಿಯ ಹಳ್ಳಿಗಳಲ್ಲಿ ತೆಲುಗು ಮನೆಗಳವರೂ ಮಣ್ಣಿನ ಎತ್ತು ಮಾಡುತ್ತಾರೆ. ಕನ್ನಡದ ಮಣ್ಣೆತ್ತು ಅವರ ಬಾಯಲ್ಲಿ ಮನ್ನೆದ್ದು. ಕನ್ನಡದ ಎತ್ತು, ತೆಲುಗಿನ ಎದ್ದು, ಮಲಯಾಳದ ಎರುತ್ ಮೂರೂ ಒಂದೇ ತಾಯಿಯ ಮಕ್ಕಳು.

ಈಗ ಕಷ್ಟದ ಮಾತಿಗೆ ಬರೋಣ. 1956ರಲ್ಲಿಯೇ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆಂದು ಅದು ರಾಜ್ಯಗಳಿಗೆ ಹೇಳುತ್ತದೆ. ಕಾಸರಗೋಡಿನಲ್ಲಿ ನಾವು ಈ ವಿಧಿಯನ್ನು ಹಿಡಿದು ಅರ್ಜಿ ಬರೆದಿದ್ದೇವೆ, ಮೆರವಣಿಗೆ ಹೋಗಿದ್ದೇವೆ. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದಾಗ ಆಸೆಪಟ್ಟಿದ್ದೇವೆ. ಆ ಆಯೋಗದ ಪರಿಶೀಲನೆಗೆ ಆಂಧ್ರದ ಗಡಿ ಬರಲೇ ಇಲ್ಲ. ನಡಿಗಡ್ಡದ ಕನ್ನಡಿಗರಿಗೆ ಆಸೆಪಡಲು ಅಂಥದೊಂದು ವರದಿಯೂ ಸಿಗಲಿಲ್ಲ. ಅಲ್ಲಿ ಮಗು ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಕಲಿತು ಬಂದು ಮನೆಯಲ್ಲಿ ಕನ್ನಡ ಆಡುತ್ತದೆ. ಮನೆಯ ಕನ್ನಡ ಉಳಿಯುವುದು ಮನೆಯ ಕೆಲಸ ಉಳಿಯುವಷ್ಟು ಮಾತ್ರ. ನೊಗ, ಕುಂಟೆ, ಮಿಣಿ, ಮಗಡ, ಇಣಿ, ಗೋದಲಿ ಎಂಬ ಮಾತುಗಳನ್ನು ಯಾವ ಪಠ್ಯಪುಸ್ತಕವೂ ಕಲಿಸದು. ಮಣ್ಣು ಮೆತ್ತುತ್ತ ಅಜ್ಜಿ, ಇಣಿ ಇನ್ನೂ ಎತ್ತರ ಇರಲಿ, ಕೋಡು ಹೊರಗೆ ಬಾಗಲಿ ಎಂದಾಗ ಮಗುವಿನ ಬೆರಳೂ ಕಿವಿಯೂ ಒಟ್ಟಿಗೆ ಕಲಿಯುತ್ತವೆ.

ಹೊಲದಲ್ಲಿ ಟ್ರ್ಯಾಕ್ಟರು ಬಂದು ಎತ್ತು ಹೋಯಿತು. ಇದು ರೈತನ ಲೆಕ್ಕಾಚಾರ, ದೂರುವಂತಿಲ್ಲ. ಎತ್ತಿಗೆ ಮೇವಿನ ಖರ್ಚು ವರ್ಷವಿಡೀ; ಟ್ರ್ಯಾಕ್ಟರಿಗೆ ಬಾಡಿಗೆ ಉತ್ತ ದಿನಕ್ಕೆ ಮಾತ್ರ. ಆದರೆ ನಿಜವಾದ ಎತ್ತನ್ನೇ ಹತ್ತಿರದಿಂದ ಕಾಣದ ಮಗು ಮಣ್ಣಿನ ಎತ್ತನ್ನು ಯಾವುದನ್ನು ನೋಡಿ ಮಾಡಬೇಕು? ಇನ್ನು ಕುಂಬಾರರ ಎತ್ತು. ಅದನ್ನು ನಾನು ಹಳಿಯುವುದಿಲ್ಲ. ಕುಂಬಾರ ಎತ್ತು ಮಾಡಿ ಮನೆಮನೆಗೆ ಕೊಟ್ಟು ಕಾಳು ಪಡೆಯುವುದು ಹಳೆಯ ರೂಢಿಯೇ, ಅವನ ಕೈಯ ಎತ್ತು ನಮ್ಮ ನಿಮ್ಮ ಕೈಯದಕ್ಕಿಂತ ಸುಂದರ. ಅಚ್ಚಿನಿಂದ ತೆಗೆದು ಬಣ್ಣ ಬಳಿದ ಎತ್ತಿನ ಸಂಗತಿ ಬೇರೆ. ಅದನ್ನು ಪೇಟೆಯಿಂದ ತಂದು ಜಗಲಿಯ ಮೇಲಿಟ್ಟರೆ ಪೂಜೆ ಆದೀತು, ಆಡಬೇಕಾದ ಮಾತೇ ಇರುವುದಿಲ್ಲ. ಎಷ್ಟು ರೂಪಾಯಿ ಎಂದು ಕೇಳುವುದಕ್ಕೆ ಯಾವ ಭಾಷೆಯಾದರೂ ಸಾಕು. ಒಂದು ಸಮಾಧಾನವೆಂದರೆ ಕುಂಟೆತ್ತನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಅದನ್ನು ಹುಡುಗರೇ ಮಾಡಬೇಕು.

ತೆಲಂಗಾಣ ಸರಕಾರ 2014ರಲ್ಲಿ ಬತುಕಮ್ಮವನ್ನು ರಾಜ್ಯದ ಹಬ್ಬವೆಂದು ಸಾರಿತು. ತಂಗಡಿ ಹೂವನ್ನೂ ಗುನುಗು ಹೂವನ್ನೂ ಅಂತಸ್ತು ಅಂತಸ್ತಾಗಿ ಜೋಡಿಸಿ ಹೆಂಗಸರು ಸುತ್ತ ಚಪ್ಪಾಳೆ ತಟ್ಟಿ ಹಾಡುವ ಆ ಹಬ್ಬವೂ ಮೂಲತಃ ಮನೆಯಂಗಳದ್ದೇ. ಅದಕ್ಕೆ ಸಂದ ಗೌರವ ನ್ಯಾಯವಾದದ್ದು. ಮಣ್ಣೆತ್ತಿಗೂ ಹಾಗೆ ವೇದಿಕೆ ಬೇಕು, ಸ್ಪರ್ಧೆ ಬೇಕು, ಬಹುಮಾನ ಬೇಕು ಎನ್ನುವವರಿದ್ದಾರು. ನನಗೆ ಅದರಲ್ಲಿ ಉತ್ಸಾಹವಿಲ್ಲ. ಅಲ್ಲಿಯ ಕನ್ನಡ ಬಲ್ಲ ಅಧ್ಯಾಪಕರೋ ಓದಿದ ಹುಡುಗಿಯರೋ ಬರುವ ಜ್ಯೇಷ್ಠ ಅಮಾವಾಸ್ಯೆಯಂದು ಒಂದು ಕೆಲಸ ಮಾಡಬಹುದು. ಎತ್ತು ಮಾಡುವ ಮನೆಯಲ್ಲಿ ಕುಳಿತು ಆ ಹೊತ್ತಿಗೆ ಬಂದ ಮಾತುಗಳನ್ನೆಲ್ಲ ಬಂದ ಹಾಗೆಯೇ ಬರೆದುಕೊಳ್ಳುವುದು; ಕನ್ನಡದ್ದು, ತೆಲುಗಿನದು, ಉರ್ದುವಿನದು ಎಂದು ಬೇರ್ಪಡಿಸದೆ. ಒಂದು ಮನೆಯಿಂದ ನಲವತ್ತು ಮಾತು ಸಿಕ್ಕರೂ ದೊಡ್ಡದು.

ಅಂಥ ಪಟ್ಟಿಗೆ ನಮ್ಮ ಕಡೆಯಿಂದ ಒಂದು ಮಾತು ಸೇರಿಸಬಹುದು. ಎತ್ತಿನ ಕಣ್ಣಿಗೆ ಒತ್ತುವ ಆ ಕೆಂಪು ಕಾಳು, ತಲೆಯ ಮೇಲೆ ಕಪ್ಪು ಬೊಟ್ಟಿನದು, ಕನ್ನಡದಲ್ಲಿ ಗುಲಗಂಜಿ, ತೆಲುಗಿನಲ್ಲಿ ಗುರಿಗಿಂಜ. ನಮ್ಮ ನೆರೆಮನೆಯ ಮಲಯಾಳದ ಮಕ್ಕಳು ಅದನ್ನು ಕುನ್ನಿಕ್ಕುರು ಎನ್ನುತ್ತಾರೆ.