ಕರುಳಿನ ಬ್ಯಾಕ್ಟೀರಿಯಾ ಮೇಲೆ ದೇಹದ ಕಣ್ಗಾವಲು: ಸಂಕೇತ ತಪ್ಪಿದರೆ ಏನಾಗುತ್ತದೆ?

ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ದೇಹದ ಸ್ವಂತ ಜೀವಕೋಶಗಳ ಸಂಖ್ಯೆಯೂ ಹೆಚ್ಚೂಕಡಿಮೆ ಇಷ್ಟೇ. ಈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ರೋಗನಿರೋಧಕ ಕೋಶಗಳ ಬಹುದೊಡ್ಡ ಪಡೆ ಬೀಡುಬಿಟ್ಟಿರುವುದೂ ಕರುಳಿನಲ್ಲೇ.

ಇದೇ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಆದರೂ ಕರುಳಿನಲ್ಲಿ ಇವು ಮತ್ತು ರೋಗನಿರೋಧಕ ಕೋಶಗಳು ಜೀವನಪೂರ್ತಿ ಅಕ್ಕಪಕ್ಕದಲ್ಲೇ ಇರುತ್ತವೆ. ಇದು ಹೇಗೆ ಸಾಧ್ಯ? ಇಲ್ಲಿದೆ ವಿವರ.

ನಡುವೆ ಇರುವುದು ಒಂದೇ ಪದರ

ಕರುಳಿನ ಒಳಗೋಡೆಯಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವುದು ಒಂದೇ ಒಂದು ಸಾಲು ಜೀವಕೋಶ. ಈ ಕೋಶಗಳು ಕೆಲವೇ ದಿನಗಳಲ್ಲಿ ಸತ್ತು ಹೊಸವು ಹುಟ್ಟುತ್ತವೆ. ಅವುಗಳ ಮೇಲೆ ಲೋಳೆಯ ಹೊದಿಕೆ ಇದೆ. ದೊಡ್ಡ ಕರುಳಿನಲ್ಲಿ ಈ ಲೋಳೆ ಎರಡು ಪದರಗಳಲ್ಲಿದ್ದು, ಹೊರ ಪದರದಲ್ಲಿ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ. ಒಳ ಪದರಕ್ಕೆ ಅವುಗಳ ಪ್ರವೇಶ ಬಹುತೇಕ ಇಲ್ಲ.

ಸಣ್ಣ ಕರುಳಿನಲ್ಲಿ ಪ್ಯಾನೆತ್ ಎಂಬ ಕೋಶಗಳು ಸೂಕ್ಷ್ಮಾಣುನಾಶಕ ಪ್ರೋಟೀನ್‌ಗಳನ್ನು ಸುರಿಸುತ್ತವೆ. ಜೊತೆಗೆ ದೇಹ ಪ್ರತಿದಿನ ಹಲವು ಗ್ರಾಂನಷ್ಟು ಐಜಿಎ ಎಂಬ ಪ್ರತಿಕಾಯವನ್ನು ಕರುಳಿಗೆ ಬಿಡುತ್ತದೆ. ಇದರ ಮುಖ್ಯ ಕೆಲಸ ಕೊಲ್ಲುವುದಲ್ಲ. ಬ್ಯಾಕ್ಟೀರಿಯಾಗೆ ಅಂಟಿಕೊಂಡು, ಅದು ಗೋಡೆಯ ಹತ್ತಿರ ಬರದಂತೆ ತಡೆಯುವುದು. ನವಜಾತ ಶಿಶುವಿಗೆ ಈ ಪ್ರತಿಕಾಯ ಸಿಗುವುದು ತಾಯಿಯ ಎದೆಹಾಲಿನಿಂದ.

ಗುರುತು ಹಿಡಿಯುವುದು ಹೇಗೆ?

ಬ್ಯಾಕ್ಟೀರಿಯಾಗಳ ಗುರುತು ಹಿಡಿಯಲು ಕರುಳಿನ ಕೋಶಗಳಲ್ಲಿ 'ಟೋಲ್' ಗ್ರಾಹಕಗಳಿವೆ. ಇಂಥ ಗ್ರಾಹಕಗಳ ಬಗೆಗಿನ ಸಂಶೋಧನೆಗೆ ಬ್ರೂಸ್ ಬ್ಯೂಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಅವರು 2011ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಎಷ್ಟು ಲೋಳೆ ಬೇಕು, ಸೂಕ್ಷ್ಮಾಣುನಾಶಕ ಎಷ್ಟು ಬೇಕು ಎಂಬುದನ್ನು ಕರುಳು ನಿರ್ಧರಿಸುವುದು ಇಂಥ ಗ್ರಾಹಕಗಳ ಸಂಕೇತಗಳನ್ನು ಆಧರಿಸಿ. ಯಾವ ಬ್ಯಾಕ್ಟೀರಿಯಾ ಎಷ್ಟು ಬೆಳೆಯಬೇಕು ಎಂಬುದರ ಮೇಲೂ ಇದರ ಪ್ರಭಾವವಿದೆ.

ಸಂಕೇತ ಕೆಟ್ಟರೆ?

2010ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿತು. ಬ್ಯಾಕ್ಟೀರಿಯಾದ ಈಜುವ ಬಾಲವನ್ನು ಗುರುತಿಸುವ ಟಿಎಲ್ಆರ್-5 ಗ್ರಾಹಕವೇ ಇಲ್ಲದ ಇಲಿಗಳು ಹೆಚ್ಚು ತಿಂದು ದಪ್ಪಗಾದವು. ಅವುಗಳಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅವುಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮಾಣುಗಳೇ ಇಲ್ಲದಂತೆ ಬೆಳೆಸಿದ್ದ ಸಾಮಾನ್ಯ ಇಲಿಗಳಿಗೆ ಹಾಕಿದಾಗ, ಅವುಗಳಲ್ಲೂ ಅದೇ ತೊಂದರೆ ಕಾಣಿಸಿತು! ಆದರೆ ನಂತರ ಬೇರೆ ಪ್ರಯೋಗಾಲಯಗಳ ಎಲ್ಲ ಇಲಿಗಳಲ್ಲಿ ಈ ಫಲಿತಾಂಶ ಸಿಗಲಿಲ್ಲ ಎಂಬುದನ್ನೂ ಗಮನಿಸಬೇಕು.

ಮನುಷ್ಯರಲ್ಲೂ ಸುಳಿವುಗಳಿವೆ. ಎನ್ಒಡಿ-2 ಎಂಬ ಗ್ರಾಹಕದ ಜೀನ್‌ನಲ್ಲಿನ ದೋಷಕ್ಕೂ ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಗೂ ನಂಟಿರುವುದು 2001ರಲ್ಲಿ ಪತ್ತೆಯಾಯಿತು. ಆದರೆ ಪಾಶ್ಚಾತ್ಯರಲ್ಲಿ ಕಂಡ ಈ ದೋಷಗಳು ಏಷ್ಯಾದ ರೋಗಿಗಳಲ್ಲಿ ವಿರಳ. ಅಂದರೆ ಜೀನ್ ಒಂದೇ ಕಾರಣವಲ್ಲ.

ಬ್ಯಾಕ್ಟೀರಿಯಾಗಳಿಂದಲೂ ಸಂದೇಶ

ಕಾಳು, ಸೊಪ್ಪು, ತರಕಾರಿ, ರಾಗಿಯಲ್ಲಿರುವ ನಾರಿನಂಶವನ್ನು ನಮ್ಮ ದೇಹ ತಾನಾಗಿ ಜೀರ್ಣಿಸಿಕೊಳ್ಳಲಾರದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಕರುಳಿನ ಗೋಡೆಯ ಕೋಶಗಳಿಗೆ ಇದೇ ಆಹಾರ. ರೋಗನಿರೋಧಕ ಪಡೆಯನ್ನು ಹದ್ದುಬಸ್ತಿನಲ್ಲಿಡುವ 'ನಿಯಂತ್ರಕ ಟಿ ಕೋಶ'ಗಳನ್ನು ಈ ಆಮ್ಲ ಹೆಚ್ಚಿಸುವುದನ್ನು 2013ರಲ್ಲಿ ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿದವು. 2025ರ ವೈದ್ಯಕೀಯ ನೊಬೆಲ್ ಸಂದಿದ್ದು ಈ ಕೋಶಗಳ ಕುರಿತ ಸಂಶೋಧನೆಗೇ.

ಆ್ಯಂಟಿಬಯೋಟಿಕ್ ನುಂಗುವ ಮುನ್ನ

ಈ ಸಮತೋಲನಕ್ಕೆ ದೊಡ್ಡ ಪೆಟ್ಟು ಕೊಡುವುದು ಆ್ಯಂಟಿಬಯೋಟಿಕ್. ರೋಗಾಣುವಿನ ಜೊತೆ ಉಪಕಾರಿ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನಂಥ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆದು ತೀವ್ರ ಭೇದಿ ಉಂಟುಮಾಡಬಹುದು. 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ, ಇದು ಮರುಕಳಿಸುತ್ತಿದ್ದ 16 ರೋಗಿಗಳಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಕರುಳಿಗೆ ಹಾಕಲಾಯಿತು. 15 ಮಂದಿ ಗುಣಮುಖರಾದರು. ವ್ಯಾಂಕೊಮೈಸಿನ್ ಔಷಧ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು.

ಹಾಗೆಂದು ವೈದ್ಯರು ಬರೆದುಕೊಟ್ಟ ಆ್ಯಂಟಿಬಯೋಟಿಕ್ ಅನ್ನು ಅರ್ಧಕ್ಕೆ ನಿಲ್ಲಿಸಬಾರದು. ವೈರಸ್‌ನಿಂದ ಬರುವ ನೆಗಡಿಗೆ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದು ನುಂಗುವುದರಿಂದ ಮಾತ್ರ ಲಾಭವಿಲ್ಲ, ನಷ್ಟವಿದೆ. ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ ಕಂಡುಬಂದರೆ ವೈದ್ಯರನ್ನು ಕಾಣಬೇಕು. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಕಾಯಿಲೆಯ ಲಕ್ಷಣಗಳು ಒಂದೇ ರೀತಿ ಇರುತ್ತವೆ, ಚಿಕಿತ್ಸೆ ಬೇರೆ ಬೇರೆ. ಹಾಗಾಗಿ ಸ್ವಯಂ ಔಷಧೋಪಚಾರ ಬೇಡ.