ಒಡಹುಟ್ಟಿದವರ ದೀರ್ಘಾವಧಿ ಪೋಷಕತ್ವ: ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಸಂದರ್ಭದಲ್ಲಿ ಕಲಂ 44ರ ಓದು

1. ವ್ಯಾಪ್ತಿ

ಈ ಮೂರು ತಾಲ್ಲೂಕುಗಳ ಮಗುವನ್ನು ಪೋಷಕ ಕುಟುಂಬಕ್ಕೆ ಒಪ್ಪಿಸುವ ಆದೇಶವನ್ನು ಹೊರಡಿಸುವುದು ಉತ್ತರ ಕನ್ನಡ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, ನ್ಯಾಯಾಲಯವಲ್ಲ. ಬಾಲನ್ಯಾಯ ಕಾಯ್ದೆ 2015ರ ಕಲಂ 27 ಸಮಿತಿಗೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರ ಕೊಟ್ಟಿದೆ. ಮಕ್ಕಳ ಗುರುತು ಬಹಿರಂಗಪಡಿಸುವುದನ್ನು ಕಲಂ 74 ನಿಷೇಧಿಸುವುದರಿಂದ ಇಲ್ಲಿ ಯಾವುದೇ ಮಗುವಿನ ಪ್ರಕರಣವನ್ನು ಎತ್ತಿಕೊಂಡಿಲ್ಲ. ಚರ್ಚೆ ಕಾಯ್ದೆಯ ಪಠ್ಯಕ್ಕೆ ಸೀಮಿತ.

2. ಕಾಲಕ್ರಮ

ವಿಶೇಷ ಕಾರಣವಿಲ್ಲದೆ ಒಡಹುಟ್ಟಿದವರನ್ನು ಅಗಲಿಸಬಾರದೆಂಬ ಮಾತು ಲಕ್ಷ್ಮೀಕಾಂತ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಲ್ಲಿ (6 ಫೆಬ್ರವರಿ 1984) ಬರುತ್ತದೆ. ಅದು ಅಂತರದೇಶೀಯ ದತ್ತಕದ ಪ್ರಕರಣವಾದ್ದರಿಂದ ಪೋಷಕತ್ವಕ್ಕೆ ಅದನ್ನು ನೇರವಾಗಿ ಅನ್ವಯಿಸುವುದು ಕಷ್ಟ. ಬಾಲನ್ಯಾಯ ಕಾಯ್ದೆ 2000ರ ಕಲಂ 42 ಪೋಷಕತ್ವದ ಬಗ್ಗೆ ಹೇಳಿದರೂ ಒಡಹುಟ್ಟಿದವರ ಪ್ರಸ್ತಾಪ ಮಾಡುವುದಿಲ್ಲ. ಆ ಪ್ರಸ್ತಾಪ ಬಂದದ್ದು 15 ಜನವರಿ 2016ರಂದು ಜಾರಿಯಾದ ಹಾಲಿ ಕಾಯ್ದೆಯ ಕಲಂ 44(3)ರಲ್ಲಿ: ಅಗಲಿಕೆಯೇ ಮಕ್ಕಳ ಹಿತಕ್ಕೆ ಒಳ್ಳೆಯದಾದ ಸಂದರ್ಭ ಬಿಟ್ಟು, ಅವರನ್ನು ಒಟ್ಟಿಗೆ ಇರಿಸಲು ಎಲ್ಲ ಪ್ರಯತ್ನ ಮಾಡತಕ್ಕದ್ದು. ಇದಕ್ಕೆ ಹತ್ತಿರದ ತತ್ವವಿರುವ ವಿಶ್ವಸಂಸ್ಥೆಯ ಪರ್ಯಾಯ ಆರೈಕೆಯ ಮಾರ್ಗಸೂಚಿಗೆ ಕೆಲವರು 2009, ಕೆಲವರು 2010 ಎಂದು ಇಸವಿ ಕೊಡುತ್ತಾರೆ. ನಿರ್ಣಯ ಅಂಗೀಕಾರವಾದದ್ದು 18 ಡಿಸೆಂಬರ್ 2009. ದಾಖಲೆಯ ಮೇಲಿನ ದಿನಾಂಕ 24 ಫೆಬ್ರವರಿ 2010. ಎರಡೂ ಸರಿ.

3. ಪಠ್ಯದೊಳಗಿನ ಅಸಾಂಗತ್ಯಗಳು

(ಅ) ದತ್ತಕಕ್ಕೆ ಅರ್ಹವಾದ ಮಗುವನ್ನು ದೀರ್ಘಾವಧಿ ಪೋಷಕತ್ವಕ್ಕೆ ಕೊಡಕೂಡದು ಎನ್ನುತ್ತದೆ ಕಲಂ 44(9). ಒಡಹುಟ್ಟಿದವರಿಗೆಂದು ಅಲ್ಲಿ ವಿನಾಯಿತಿ ಇಲ್ಲ. ಅನಾಥ ಅಥವಾ ಪರಿತ್ಯಕ್ತ ಮಗು ದತ್ತಕಕ್ಕೆ ಮುಕ್ತವೆಂದು ಘೋಷಿಸಲು ಕಲಂ 38 ಕೊಡುವ ಅವಧಿಯೂ ಒಂದೇ ಅಲ್ಲ: ಎರಡು ವರ್ಷದವರೆಗಿನ ಮಗುವಿಗೆ 2 ತಿಂಗಳು, ಅದಕ್ಕೆ ಮೇಲ್ಪಟ್ಟವರಿಗೆ 4 ತಿಂಗಳು. ಒಂದೇ ದಿನ ಸಮಿತಿಯ ಮುಂದೆ ಬಂದ ಅಕ್ಕ–ತಮ್ಮಂದಿರ ಕಡತಗಳು ಬೇರೆ ಬೇರೆ ದಾರಿ ಹಿಡಿಯುವ ಸಾಧ್ಯತೆ ಇಲ್ಲಿಯೇ ಇದೆ.

(ಆ) ಪೋಷಕತ್ವಕ್ಕೆ ಕಲಂ 2(29) ಕೊಡುವ ವ್ಯಾಖ್ಯೆ ಮಗುವಿನ 'ಜೈವಿಕ ಕುಟುಂಬ'ವನ್ನು ಹೊರಗಿಡುತ್ತದೆ. ಕಲಂ 44(1) ಹೊರಗಿಡುವುದು ಜೈವಿಕ ಅಥವಾ ದತ್ತಕ ತಂದೆ–ತಾಯಿಯನ್ನು. ಅಜ್ಜಿಮನೆ, ಸೋದರಮಾವನ ಮನೆ ಎರಡನೆಯ ಪಠ್ಯದಲ್ಲಿ ಒಳಗೆ ಬರುತ್ತವೆ, ಮೊದಲನೆಯದರಲ್ಲಿ ಬಹುಶಃ ಬರುವುದಿಲ್ಲ. ಒಡಹುಟ್ಟಿದವರನ್ನು ಒಟ್ಟಿಗೆ ಸಾಕಲು ಮುಂದೆ ಬರುವವರು ಸಾಮಾನ್ಯವಾಗಿ ಇಂಥ ನೆಂಟರೇ ಆದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ.

4. ಭೇಟಿ

ಕಲಂ 44(5) ತಂದೆ–ತಾಯಿಯ ಭೇಟಿಯನ್ನು ಹೇಳುತ್ತದೆ. ಅಗಲಿಸಿದ ಮಕ್ಕಳ ಪರಸ್ಪರ ಭೇಟಿಯನ್ನು ಹೇಳುವುದಿಲ್ಲ. ಅಣ್ಣ ಭಟ್ಕಳದಲ್ಲಿ, ತಂಗಿ ಕುಮಟಾದಲ್ಲಿ ಇದ್ದರೆ ನಡುವೆ ಹೆದ್ದಾರಿ 66ರ ಸುಮಾರು 60 ಕಿ.ಮೀ. ದಾರಿ. ಸಮಿತಿಯ ಮಾಸಿಕ ತಪಾಸಣೆ (ಕಲಂ 44(8)) ಎರಡೂ ಮನೆಗಳಿಗೆ ಅನ್ವಯಿಸುತ್ತದೆ. ಮಕ್ಕಳನ್ನು ಒಂದೆಡೆ ಸೇರಿಸುವ ಹೊಣೆ ಯಾರದೆಂದು ಕಲಂ 44 ಹೇಳುವುದಿಲ್ಲ.

5. ಮೇಲ್ಮನವಿ

ಸಮಿತಿಯ ಆದೇಶದ ಮೇಲೆ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು; ಪೋಷಕತ್ವದ ನಿರ್ಣಯವಾದರೆ ಜಿಲ್ಲಾ ದಂಡಾಧಿಕಾರಿಗೆ (ಕಲಂ 101(1)). ಅಕ್ಷರಶಃ ಓದಿದರೆ, ಒಂದು ಮಗುವನ್ನು ಪೋಷಕ ಕುಟುಂಬಕ್ಕೂ ಇನ್ನೊಂದನ್ನು ಬಾಲಮಂದಿರಕ್ಕೂ ಕಳಿಸಿದಾಗ ಒಂದೇ ಅಗಲಿಕೆಯನ್ನು ಎರಡು ಕಡೆ ಪ್ರಶ್ನಿಸಬೇಕಾಗುತ್ತದೆ. ಉಚ್ಚ ನ್ಯಾಯಾಲಯದ ಪುನರೀಕ್ಷಣೆಯನ್ನು ಹೇಳುವ ಕಲಂ 102 ಸಮಿತಿ, ಬಾಲನ್ಯಾಯ ಮಂಡಳಿ, ನ್ಯಾಯಾಲಯಗಳನ್ನು ಹೆಸರಿಸುತ್ತದೆ, ಜಿಲ್ಲಾ ದಂಡಾಧಿಕಾರಿಯನ್ನಲ್ಲ. ಆದರೂ ಸಮಿತಿಯ ಮೂಲ ಆದೇಶ ಅದರ ವ್ಯಾಪ್ತಿಯಲ್ಲಿದೆ. ಈ ಜಿಲ್ಲೆಯ ಮಟ್ಟಿಗೆ ಉಚ್ಚ ನ್ಯಾಯಾಲಯವೆಂದರೆ ಧಾರವಾಡ ಪೀಠ. ಎರಡೂ ಮಕ್ಕಳ ವಿಷಯ ಒಟ್ಟಿಗೆ ವಿಚಾರಣೆಗೆ ಬರಬಹುದಾದ ಸ್ಥಳವೂ ಬಹುಶಃ ಅದೊಂದೇ. ಅಲ್ಲಿ ಪರಿಶೀಲನೆಗೆ ಸಿಗುವುದು ಸಮಿತಿ ಬರೆದಿಟ್ಟದ್ದು ಮಾತ್ರ. ಆದ್ದರಿಂದ ಅಗಲಿಸುವ ಆದೇಶದಲ್ಲಿ ಕಲಂ 44(3)ರ ಕಾರಣವನ್ನು ಪ್ರತಿ ಮಗುವಿನ ಹೆಸರಿನಲ್ಲೂ ಪ್ರತ್ಯೇಕವಾಗಿ ದಾಖಲಿಸುವುದು ಅಗತ್ಯ.