ಚೂರಾಗುವ ಹೊತ್ತಿನ ನಷ್ಟ: ಪೀಡೆನಾಶಕ ಶೇಷ ಪರೀಕ್ಷೆಯ ಒಂದು ಕುರುಡು ಜಾಗ

ಹಣ್ಣು, ತರಕಾರಿಗಳಿಂದ ಪೀಡೆನಾಶಕದ ಶೇಷವನ್ನು ಬೇರ್ಪಡಿಸುವ ಕ್ರಮದ ಬಗ್ಗೆ ಈಗ ಹೆಚ್ಚಿನ ತಕರಾರಿಲ್ಲ. 2003ರಲ್ಲಿ ಅನಸ್ತಾಸಿಯಾದೆಸ್, ಲೆಹೊಟೆ ಮತ್ತು ಸಂಗಡಿಗರು ಪ್ರಕಟಿಸಿದ ಕ್ವೆಚರ್ಸ್ ವಿಧಾನದಲ್ಲಿ 10 ಗ್ರಾಂ ಮಾದರಿಗೆ 10 ಮಿಲಿಲೀಟರ್ ಅಸಿಟೋನೈಟ್ರೈಲ್, 4 ಗ್ರಾಂ ಮೆಗ್ನೀಷಿಯಂ ಸಲ್ಫೇಟ್, 1 ಗ್ರಾಂ ಅಡುಗೆ ಉಪ್ಪು ಸಾಕು. ಯಾವ ಭಾಗವನ್ನು ಪರೀಕ್ಷಿಸಬೇಕೆಂಬುದನ್ನು ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಹೇಳಿದೆ, ಬಾಳೆಹಣ್ಣಾದರೆ ಸಿಪ್ಪೆಸಮೇತ. ಇದನ್ನೆಲ್ಲ ಮತ್ತೆ ಚರ್ಚಿಸಬೇಕಿಲ್ಲ.

ನನ್ನ ಭಿನ್ನಾಭಿಪ್ರಾಯ ಇರುವುದು ಅದಕ್ಕಿಂತ ಒಂದು ಹೆಜ್ಜೆ ಹಿಂದೆ. ಬೆರೆಸಿದ ಪೀಡೆನಾಶಕದಲ್ಲಿ ಮರಳಿ ಸಿಕ್ಕ ಪಾಲು, ಅಂದರೆ ಮರುಪ್ರಾಪ್ತಿ, ಶೇ. 70ರಿಂದ 120ರೊಳಗಿದ್ದರೆ ವಿಧಾನ ಸಮರ್ಪಕವೆಂದು ಪ್ರಯೋಗಾಲಯಗಳು ಒಪ್ಪಿಕೊಳ್ಳುತ್ತವೆ. ಆದರೆ ಆ ಪರೀಕ್ಷೆಯಲ್ಲಿ ತಿಳಿದ ಪ್ರಮಾಣದ ಪೀಡೆನಾಶಕವನ್ನು ಬೆರೆಸುವುದು ಸಾಮಾನ್ಯವಾಗಿ ಮಾದರಿಯನ್ನು ರುಬ್ಬಿಯಾದ ಮೇಲೆ. ರುಬ್ಬುವಾಗಲೇ ನಾಶವಾದದ್ದು ಆ ಲೆಕ್ಕಕ್ಕೆ ಸಿಕ್ಕುವುದೇ ಇಲ್ಲ.

ಈ ನಾಶ ಕಲ್ಪನೆಯಲ್ಲ. ಎಲೆ, ಕಾಯಿ ಕತ್ತರಿಸಿದೊಡನೆ ಕೋಶಗಳು ಒಡೆದು, ಅಲ್ಲಿಯವರೆಗೆ ಮೇಲ್ಮೈಯಲ್ಲಿದ್ದ ಔಷಧಿ ರಸದೊಂದಿಗೆ ಬೆರೆಯುತ್ತದೆ. ಗಂಧಕವಿರುವ ಥಯೋಲ್ ಗುಂಪಿನ ಸಂಯುಕ್ತಗಳೊಂದಿಗೆ ಕ್ಲೋರೋಥಲೋನಿಲ್ ಎಂಬ ಶಿಲೀಂಧ್ರನಾಶಕ ಸುಲಭವಾಗಿ ವರ್ತಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಂಥ ಗಂಧಕಭರಿತ ಮಾದರಿಗಳು ತೊಡಕೆನಿಸುವುದಕ್ಕೆ ಇದೂ ಒಂದು ಕಾರಣ. ಕ್ಯಾಪ್ಟಾನ್, ಫಾಲ್ಪೆಟ್ ಎಂಬ ಶಿಲೀಂಧ್ರನಾಶಕಗಳು ಆಮ್ಲೀಯತೆ ಕಡಿಮೆಯಾದಂತೆ ಬೇಗ ಒಡೆಯುತ್ತವೆ. ಬ್ರಿಟನ್ನಿನ ಫಸೆಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೇಬಿಗೆ ಮೊದಲೇ ಪೀಡೆನಾಶಕ ಲೇಪಿಸಿ, ಆಮೇಲೆ ಚೂರು ಮಾಡಿದರು. ಕೋಣೆಯ ಉಷ್ಣತೆಯಲ್ಲಿ ಕೆಲವು ಸಂಯುಕ್ತಗಳು ಗಣನೀಯವಾಗಿ ಕಳೆದುಹೋದವು. ಡ್ರೈ ಐಸ್‌ನೊಂದಿಗೆ ಅರೆದಾಗ ನಷ್ಟ ತಗ್ಗಿತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಕಳೆದದ್ದು ರಾಸಾಯನಿಕವಾಗಿ ನಾಶವಾಯಿತೋ, ಪಾತ್ರೆಯ ಗೋಡೆಗೆ ಅಂಟಿತೋ, ಸರಿಯಾಗಿ ಬೆರೆಯಲಿಲ್ಲವೋ? ಕೇವಲ ಒಂದು ಸಂಯುಕ್ತದ ಅಂಕಿಯಿಂದ ಉತ್ತರ ಹೇಳಲಾಗದು. ಅದರೊಂದಿಗೆ ಸುಲಭಕ್ಕೆ ಒಡೆಯದ ಮತ್ತೊಂದನ್ನೂ ಲೇಪಿಸಬೇಕು. ಎರಡೂ ಒಂದೇ ಪ್ರಮಾಣದಲ್ಲಿ ಕುಸಿದರೆ ದೋಷ ಬೆರೆಸುವಿಕೆಯದು ಅಥವಾ ಅಂಟುವಿಕೆಯದು. ಮೊದಲನೆಯದು ಮಾತ್ರ ಕುಸಿದರೆ ವಿಘಟನೆಯ ಶಂಕೆ ಗಟ್ಟಿಯಾಗುತ್ತದೆ. ಗಟ್ಟಿಯಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ: ಆವಿಯಾಗುವ ಗುಣದಲ್ಲಿ ಎರಡಕ್ಕೂ ಅಂತರವಿದ್ದರೆ ಈ ತರ್ಕವೂ ಸಡಿಲ.

ಹೀಗಾಗಿ ನನ್ನ ವಾದ ಇಷ್ಟು. ಕನಿಷ್ಠ ಇಂಥ ಚಂಚಲ ಸಂಯುಕ್ತಗಳ ಮಟ್ಟಿಗೆ, ರುಬ್ಬುವ ಮುನ್ನ ಲೇಪಿಸಿ ಮಾಡಿದ ಪರೀಕ್ಷೆಯಿಲ್ಲದೆ 'ಪತ್ತೆಯಾಗಲಿಲ್ಲ' ಎಂಬ ವರದಿಯನ್ನು 'ಇರಲಿಲ್ಲ' ಎಂದು ಓದುವುದು ಆತುರ. ಎಲ್ಲ ಪೀಡೆನಾಶಕಗಳಿಗೂ ಇದನ್ನು ವಿಸ್ತರಿಸಲು ನಾನು ಸಿದ್ಧನಿಲ್ಲ. ಬಹುಪಾಲು ಸಂಯುಕ್ತಗಳು ರುಬ್ಬುವಿಕೆಯನ್ನು ತಾಳಿಕೊಳ್ಳುತ್ತವೆ. ಕ್ಯಾಪ್ಟಾನ್ ಜೊತೆಗೆ ಅದರ ವಿಘಟನೆಯ ಉತ್ಪನ್ನವನ್ನೂ ಸೇರಿಸಿ ಲೆಕ್ಕ ಹಾಕುವ ಯುರೋಪಿನ ಕ್ರಮ ತೊಂದರೆಯನ್ನು ಭಾಗಶಃ ನೀಗಿಸುತ್ತದೆ. ಡ್ರೈ ಐಸ್ ಕೈಗೆಟುಕದ ಕಡೆ ಒರಟಾಗಿ ಹೆಚ್ಚಿ, ಹೆಪ್ಪುಗಟ್ಟಿಸಿ, ಆ ಸ್ಥಿತಿಯಲ್ಲೇ ಅರೆಯುವ ದಾರಿಯೂ ಇದೆ. ಮೊದಲ ಹೆಚ್ಚುವಿಕೆಯ ನಷ್ಟ ಮಾತ್ರ ಅದರಲ್ಲಿ ಉಳಿಯುತ್ತದೆ.

ಲೇಪಿಸಿದ ಔಷಧಿ ಹೊಲದಲ್ಲಿ ಸಿಂಪಡಿಸಿದ್ದರಂತೆ ವರ್ತಿಸುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಸಿಂಪಡಿಸಿದ್ದು ದಿನ ಕಳೆದಂತೆ ಮೇಣದ ಪದರಕ್ಕೆ ಇಳಿದಿರಬಹುದು. ಹಾಗಿದ್ದರೆ ಲೇಪನದ ಪರೀಕ್ಷೆ ನಷ್ಟವನ್ನು ಹಿಗ್ಗಿಸಿ ತೋರಿಸೀತು. ಎಣ್ಣೆಯಂಶ ಹೆಚ್ಚಿರುವ ಕರಿಬೇವಿನಲ್ಲಿ ಈ ವ್ಯತ್ಯಾಸ ಎಷ್ಟೆಂಬುದನ್ನು ಸೇಬಿನ ಫಲಿತಾಂಶದಿಂದ ಊಹಿಸಲಾಗದು. ಸಿಂಪಡಿಸಿದ ಬೆಳೆಯನ್ನೇ ಎರಡು ಪಾಲು ಮಾಡಿ, ಒಂದನ್ನು ಹಾಗೆಯೇ, ಇನ್ನೊಂದನ್ನು ಹೆಪ್ಪುಗಟ್ಟಿಸಿ ಅರೆದು ಹೋಲಿಸಬೇಕು.